ಹೆಸರು ಯಾರದು? ಕೆಲಸ ಯಾರದು?

ಮಕ್ಕಳೇ, ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲಿನ ಬರಹವನ್ನು ಗಮನಿಸಿದ್ದೀರಾ? '9 ವ್ಯಾಟ್, 240 ವೋಲ್ಟ್' ಎಂಬಂತೆ ಅಚ್ಚಾಗಿರುತ್ತದೆ. ಈ ಎರಡು ಏಕಮಾನಗಳೂ ಮನುಷ್ಯರ ಹೆಸರಿನಿಂದ ಬಂದವು. ಜೇಮ್ಸ್ ವ್ಯಾಟ್ ಅವರಿಂದ ವ್ಯಾಟ್. 1800ರಲ್ಲಿ ವಿದ್ಯುತ್ಕೋಶಗಳ ಕಂಬವನ್ನು ಪ್ರಕಟಿಸಿದ ಇಟಲಿಯ ಅಲೆಸಾಂಡ್ರೊ ವೋಲ್ಟಾ ಅವರಿಂದ ವೋಲ್ಟ್. ಇಂಥ ಹೆಸರುಗಳ ಬಗ್ಗೆ ನಾಲ್ಕು ಸವಾಲುಗಳು ಇಲ್ಲಿವೆ. ಉತ್ತರಗಳನ್ನು ಕಾಗದದಿಂದ ಮುಚ್ಚಿ, ಮೊದಲು ಗೆಳೆಯರೊಡನೆ ಚರ್ಚಿಸಿ.

ಸವಾಲುಗಳು

1. ಮೊದಲ ಉಗಿಯಂತ್ರ ಜೇಮ್ಸ್ ವ್ಯಾಟ್ ಅವರದು. ಸರಿಯೋ, ತಪ್ಪೋ?

2. 'ಡೀಸೆಲ್' ಮೊದಲು ಯಾವುದರ ಹೆಸರು? ಎಣ್ಣೆಯದೋ, ಯಂತ್ರದ್ದೋ, ಮನುಷ್ಯನದೋ?

3. ಬ್ರೈಲ್ ಲಿಪಿಯ ಒಂದು ಮನೆಯಲ್ಲಿ 6 ಚುಕ್ಕಿಗಳಿಗೆ ಜಾಗವಿದೆ. ಎಷ್ಟು ಬಗೆಯ ಜೋಡಣೆ ಸಾಧ್ಯ?

4. 'ರಾಮನ್ ಪರಿಣಾಮ'ದ ಪ್ರಯೋಗಗಳಲ್ಲಿ ಸಿ.ವಿ. ರಾಮನ್ ಅವರ ಜೊತೆಗಿದ್ದ ವಿಜ್ಞಾನಿ ಯಾರು?

ಉತ್ತರಗಳು

1. ತಪ್ಪು. 1712ರಲ್ಲೇ ಇಂಗ್ಲೆಂಡಿನ ಥಾಮಸ್ ನ್ಯೂಕಾಮೆನ್ ಗಣಿಯ ನೀರೆತ್ತುವ ಉಗಿಯಂತ್ರ ಕಟ್ಟಿದ್ದರು. ಅದರ ಸಿಲಿಂಡರನ್ನು ಪ್ರತಿ ಸಲವೂ ಕಾಯಿಸಿ, ತಣಿಸಬೇಕಿತ್ತು. ಇದರಿಂದ ಕಲ್ಲಿದ್ದಲು ಬಹಳ ಪೋಲಾಗುತ್ತಿತ್ತು. ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸುವ ಉಪಾಯ ವ್ಯಾಟ್ ಅವರಿಗೆ 1765ರಲ್ಲಿ ಹೊಳೆಯಿತು. ಅವರು ಯಂತ್ರವನ್ನು ಸುಧಾರಿಸಿದವರು.

2. ಮನುಷ್ಯನದು. ರುಡಾಲ್ಫ್ ಡೀಸೆಲ್ ಅವರ ಯಂತ್ರ 1897ರಲ್ಲಿ ಜರ್ಮನಿಯಲ್ಲಿ ಯಶಸ್ವಿಯಾಯಿತು. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಬಿಸಿಯಾಗುತ್ತದೆ. ಆ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತದೆ, ಕಿಡಿ ಬೇಕಿಲ್ಲ. ಅವರ ಹೆಸರು ಮೊದಲು ಯಂತ್ರಕ್ಕೆ, ಆಮೇಲೆ ಎಣ್ಣೆಗೆ ಬಂತು.

3. ಪ್ರತಿ ಜಾಗದಲ್ಲೂ ಚುಕ್ಕಿ ಇರಬಹುದು ಅಥವಾ ಇಲ್ಲದಿರಬಹುದು. ಆದ್ದರಿಂದ 2×2×2×2×2×2 = 64. ಪೂರ್ತಿ ಖಾಲಿ ಮನೆಯನ್ನು ಬಿಟ್ಟರೆ 63. ಫ್ರಾನ್ಸಿನ ಲೂಯಿ ಬ್ರೈಲ್ ಈ ಲಿಪಿಯನ್ನು ರೂಪಿಸಿದ್ದು 1824ರಲ್ಲಿ. ಆಗ ಅವರಿಗೆ ಕೇವಲ 15 ವರ್ಷ! ಸ್ವತಃ ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಇಂದು ಕನ್ನಡವನ್ನೂ ಬ್ರೈಲ್‌ನಲ್ಲಿ ಓದಬಹುದು.

4. ಕೆ.ಎಸ್. ಕೃಷ್ಣನ್. ಈ ಶೋಧ ನಡೆದದ್ದು 1928ರಲ್ಲಿ, ಕೋಲ್ಕತ್ತದಲ್ಲಿ. ಅದನ್ನು ತಿಳಿಸಿದ ಪ್ರಬಂಧದಲ್ಲಿ ಇಬ್ಬರ ಹೆಸರೂ ಇದೆ. 1930ರ ನೊಬೆಲ್ ಪ್ರಶಸ್ತಿ ರಾಮನ್ ಅವರಿಗೆ ಸಂದಿತು.

ನೋಡಿದಿರಾ? ಉಳಿದುಕೊಳ್ಳುವ ಹೆಸರು ಒಂದೇ ಆದರೂ ಅದರ ಹಿಂದೆ ಹಲವರ ದುಡಿಮೆ ಇರಬಹುದು. ಒಂದು ಹೆಸರು ಕಂಡಾಗ ಎರಡು ಪ್ರಶ್ನೆ ಕೇಳಿ: ಇವರು ನಿಜವಾಗಿ ಮಾಡಿದ್ದೇನು? ಇವರಿಗಿಂತ ಮೊದಲು, ಇವರ ಜೊತೆಗೆ ಯಾರಿದ್ದರು?

ನೀವೇ ಮಾಡಿ: ಹರ್ಟ್ಸ್, ಸೆಲ್ಸಿಯಸ್, ನ್ಯೂಟನ್, ಆಂಪಿಯರ್. ಈ ಏಕಮಾನಗಳು ಯಾವುದನ್ನು ಅಳೆಯುತ್ತವೆ, ಯಾರ ಹೆಸರಿನಿಂದ ಬಂದಿವೆ ಎಂದು ಹುಡುಕಿ, ತರಗತಿಯ ಗೋಡೆಪತ್ರಿಕೆಯಲ್ಲಿ ಬರೆಯಿರಿ.