ಮಗುವಿನ ಮುಖದ ಮೇಲೆ ಕಲೆ: ಅಪ್ಪ-ಅಮ್ಮನಿಗೆ ಒಂಬತ್ತು ಸೂತ್ರಗಳು

ಟೀಪಾಯಿಯ ಅಂಚು, ಮೆಟ್ಟಿಲ ಮೂಲೆ, ಬೀದಿನಾಯಿಯ ಕಡಿತ, ಕುದಿಯುವ ಸಾರು. ಮೂರು ವರ್ಷದ ಮಗುವಿನ ಕೆನ್ನೆಗೆ ಗಾಯವಾಗಲು ಒಂದು ಕ್ಷಣ ಸಾಕು. ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬಂದ ಮೇಲೆ ನಿಮಗೆ ಎರಡು ಕೆಲಸ ಶುರುವಾಗುತ್ತವೆ. ಚರ್ಮದ ಆರೈಕೆಗೆ ವೈದ್ಯರ ನೆರವುಂಟು. ಮನಸ್ಸಿನ ಆರೈಕೆ ಹೆಚ್ಚುಕಡಿಮೆ ಮನೆಯವರದೇ ಹೊಣೆ. ಕಲೆ ಎಂದರೆ ನಾಚಿಕೆಪಡಬೇಕಾದದ್ದು ಎಂಬುದು ಆ ವಯಸ್ಸಿನ ಮಗುವಿಗೆ ಗೊತ್ತೇ ಇರುವುದಿಲ್ಲ. ತನ್ನನ್ನು ನೋಡುವ ದೊಡ್ಡವರ ಮುಖ ನೋಡಿ ಅದನ್ನು ಕಲಿಯುತ್ತದೆ. ಕಲಿಯದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

1. ಒಂದು ವರ್ಷ ತೀರ್ಪು ಕೊಡಬೇಡಿ.
ಹೊಲಿಗೆ ಬಿಚ್ಚಿದಾಗ ತೆಳ್ಳಗಿದ್ದ ಗೆರೆ ಕೆಲವು ವಾರಗಳಲ್ಲಿ ಕೆಂಪಾಗಿ, ಗಟ್ಟಿಯಾಗಿ, ಉಬ್ಬಿಕೊಳ್ಳುತ್ತದೆ. ಬಹಳಷ್ಟು ತಾಯಂದಿರು ಧೈರ್ಯ ಕಳೆದುಕೊಳ್ಳುವುದು ಆಗಲೇ. ಒಳಗೆ ಕೊಲಾಜೆನ್ ಎಳೆಗಳು ಇನ್ನೂ ಜೋಡಣೆಯಾಗುತ್ತಿರುತ್ತವೆ. ಕಲೆ ಪಕ್ವವಾಗಿ ಮೆತ್ತಗಾಗಿ ಮಾಸಲು ಸಾಮಾನ್ಯವಾಗಿ 12ರಿಂದ 18 ತಿಂಗಳು ಬೇಕು, ಮಕ್ಕಳಲ್ಲಿ ಕೆಲವೊಮ್ಮೆ ಇನ್ನೂ ಹೆಚ್ಚು. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಒಂದು ಫೋಟೊ ತೆಗೆದಿಡಿ. ದಿನಾ ನೋಡುವ ಕಣ್ಣಿಗೆ ಕಾಣದ ಬದಲಾವಣೆ ಅದರಲ್ಲಿ ಕಾಣುತ್ತದೆ, ವೈದ್ಯರಿಗೂ ಉಪಯೋಗಕ್ಕೆ ಬರುತ್ತದೆ.

2. ಹಸಿ ಗಾಯಕ್ಕೆ ಮನೆಮದ್ದು ಬೇಡ.
ಅರಿಶಿನ, ಕಾಫಿಪುಡಿ, ಸುಣ್ಣ, ಟೂತ್‌ಪೇಸ್ಟ್ ಯಾವುದೂ ಬೇಡ. ಸುಟ್ಟರೆ ತಕ್ಷಣ 20 ನಿಮಿಷ ಹರಿಯುವ ತಣ್ಣೀರು. ನಾಯಿ ಕಚ್ಚಿದರೆ 15 ನಿಮಿಷ ಸೋಪುನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ. ಮುಖದ ಕಡಿತಕ್ಕೆ ರೇಬಿಸ್ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ, ಕೇಳಿ ಹಾಕಿಸಿ. ಗಾಯ ಪೂರ್ತಿ ಮುಚ್ಚಿದ ಮೇಲೆ ವೈದ್ಯರನ್ನು ಕೇಳಿ ಸಿಲಿಕೋನ್ ಜೆಲ್ ಅಥವಾ ಹಾಳೆ ಶುರುಮಾಡಿ. ಹಾಳೆಯಾದರೆ ದಿನಕ್ಕೆ 12 ಗಂಟೆಗೂ ಹೆಚ್ಚು, ಎರಡು ಮೂರು ತಿಂಗಳಾದರೂ ಬಿಡದೆ ಹಾಕಬೇಕು. ಮಧ್ಯೆ ಬಿಟ್ಟರೆ ಪ್ರಯೋಜನ ಕಡಿಮೆ. ವಿಟಮಿನ್ ಇ ಮಾತ್ರೆ ಒಡೆದು ಹಚ್ಚುವ ರೂಢಿ ನಿಲ್ಲಿಸಿ, ಕೆಲವರ ಚರ್ಮಕ್ಕೆ ಅದರಿಂದಲೇ ಅಲರ್ಜಿಯಾಗುತ್ತದೆ.

3. ಬಿಸಿಲಿನಿಂದ ಕಾಪಾಡಿ.
ನಮ್ಮ ಮೈಬಣ್ಣಕ್ಕೆ ಹೊಸ ಕಲೆ ಬಿಸಿಲಲ್ಲಿ ಬೇಗ ಕಪ್ಪಾಗುತ್ತದೆ. ಅಗಲ ಅಂಚಿನ ಟೋಪಿ, ಆರು ತಿಂಗಳು ದಾಟಿದ ಮಗುವಾದರೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ.

4. ಕಾಯಬಾರದ ಸಂದರ್ಭ ತಿಳಿದಿರಲಿ.
ರೆಪ್ಪೆ ಪೂರ್ತಿ ಮುಚ್ಚುತ್ತಿಲ್ಲ, ತುಟಿ ಒಂದು ಕಡೆಗೆ ಎಳೆಯುತ್ತಿದೆ, ಕಲೆ ಮೂಲ ಗಾಯದ ಗಡಿ ದಾಟಿ ಬೆಳೆಯುತ್ತಿದೆ ಎಂದಾದರೆ ವರ್ಷ ಕಾಯದೆ ಪ್ಲಾಸ್ಟಿಕ್ ಸರ್ಜನ್ ಬಳಿ ಹೋಗಿ. ಮಗುವಿನ ಮುಖ ಬೆಳೆಯುತ್ತದೆ, ಗಟ್ಟಿ ಕಲೆ ಅಷ್ಟೇ ಹಿಗ್ಗುವುದಿಲ್ಲ. ಸ್ಟೀರಾಯ್ಡ್ ಚುಚ್ಚುಮದ್ದು, ಲೇಸರ್, ಶಸ್ತ್ರಚಿಕಿತ್ಸೆ ಎಲ್ಲವೂ ಇವೆ. ಬೆಂಗಳೂರಿನ ವಿಕ್ಟೋರಿಯಾದಂಥ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೂ ಪ್ಲಾಸ್ಟಿಕ್ ಸರ್ಜರಿ ವಿಭಾಗವಿದೆ. ಕಲೆಯನ್ನು ಮೆತ್ತಗೆ ಮಾಡಬಹುದು, ಕಣ್ಣಿಗೆ ಬೀಳದಷ್ಟು ತಗ್ಗಿಸಬಹುದು. ಪೂರ್ತಿ ಅಳಿಸಲು ಯಾರಿಂದಲೂ ಆಗದು. ಅಳಿಸುತ್ತೇವೆಂದು ಜಾಹೀರಾತು ಕೊಡುವವರ ಬಾಗಿಲಿಗೆ ಹೋಗಬೇಡಿ.

5. ನಡೆದದ್ದನ್ನು ನಡೆದಂತೆ ಹೇಳಿ.
“ನೀನು ಮೆಟ್ಟಿಲ ಹತ್ರ ಬಿದ್ದೆ ಪುಟ್ಟಾ. ರಕ್ತ ಬಂತು, ಡಾಕ್ಟರ್ ಹೊಲಿಗೆ ಹಾಕಿದ್ರು, ಈಗ ವಾಸಿಯಾಗಿದೆ.” ಇಷ್ಟು ಸಾಕು. “ಹಠ ಮಾಡಿದ್ದಕ್ಕೇ ಹೀಗಾಗಿದ್ದು” ಎಂಬ ಮಾತು ತಮಾಷೆಗೂ ಬರಕೂಡದು. ಈ ವಯಸ್ಸಿನ ಮಕ್ಕಳು ಕೆಟ್ಟದ್ದೆಲ್ಲ ತಮ್ಮಿಂದಲೇ ಆಯಿತೆಂದು ಸುಲಭವಾಗಿ ನಂಬುತ್ತಾರೆ. ಕಲೆ ಅವರಿಗೆ ಶಿಕ್ಷೆಯ ಗುರುತಾಗಿಬಿಡುತ್ತದೆ. “ದೊಡ್ಡೋಳಾದ ಮೇಲೆ ಹೋಗಿಬಿಡುತ್ತೆ” ಎಂಬ ಸುಳ್ಳೂ ಬೇಡ.

6. ಉತ್ತರ ಸಿದ್ಧವಿರಲಿ, ಮಗುವಿನ ಬಾಯಲ್ಲೂ ಇರಲಿ.
ಬ್ರಿಟನ್ನಿನ ಜೇಮ್ಸ್ ಪಾರ್ಟ್ರಿಜ್ ಅವರ ಮುಖ 18ನೇ ವಯಸ್ಸಿನಲ್ಲಿ ವಾಹನಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟಿತ್ತು. 1992ರಲ್ಲಿ ಅವರು ‘ಚೇಂಜಿಂಗ್ ಫೇಸಸ್’ ಎಂಬ ಸಂಸ್ಥೆ ಕಟ್ಟಿದರು. ಮುಖದ ಬಗ್ಗೆ ಜನ ಕೇಳಿದಾಗ ಹೇಗೆ ನಿಭಾಯಿಸಬೇಕೆಂದು ಆ ಸಂಸ್ಥೆ ಹೇಳಿಕೊಡುವ ಉಪಾಯಕ್ಕೆ ಮೂರೇ ಹೆಜ್ಜೆ: ಚುಟುಕಾಗಿ ವಿವರಿಸು, ಎದುರಿನವರಿಗೆ ಧೈರ್ಯ ಹೇಳು, ಮಾತು ಬೇರೆಡೆಗೆ ತಿರುಗಿಸು. ನಮ್ಮ ಪಾರ್ಕಿನಲ್ಲಿ ಅದು ಹೀಗೆ: “ಬಿದ್ದು ಗಾಯ ಆಗಿತ್ತು. ಈಗ ನೋವಿಲ್ಲ. ಜಾರುಬಂಡೆ ಆಡೋಣ ಬಾ.” ಮೊದಲು ಮಗುವಿನ ಎದುರು ನೀವೇ ಹೀಗೆ ಉತ್ತರಿಸಿ. ಆಮೇಲೆ ಗೊಂಬೆಯಾಟದಲ್ಲಿ ಅಭ್ಯಾಸ ಮಾಡಿಸಿ, ಒಮ್ಮೆ ನೀವು ಪ್ರಶ್ನೆ ಕೇಳಿ, ಒಮ್ಮೆ ಮಗು ಕೇಳಲಿ. “ಇವತ್ತು ಹೇಳಕ್ಕೆ ಇಷ್ಟ ಇಲ್ಲ” ಎನ್ನುವುದೂ ಸರಿಯಾದ ಉತ್ತರವೇ ಎಂದು ಕಲಿಸಿ. ಕೇಳಿದ ಮಕ್ಕಳನ್ನು ಗದರಬೇಡಿ. ಮಕ್ಕಳು ಬಹಳ ಸಲ ಕುತೂಹಲಕ್ಕೆ ಕೇಳುತ್ತಾರೆ, ಉತ್ತರ ಸಿಕ್ಕಿದರೆ ಆಟಕ್ಕೆ ಓಡುತ್ತಾರೆ. ಕಷ್ಟ ದೊಡ್ಡವರಿಂದ.

7. ನೆಂಟರ ಬಾಯಿಗೆ ಬೇಲಿ ಹಾಕಿ.
“ಅಯ್ಯೋ, ಎಂಥಾ ಮುದ್ದು ಮುಖ ಹಿಂಗಾಗೋಯ್ತಲ್ಲ!” “ಹೆಣ್ಣುಮಗು ಬೇರೆ, ನಾಳೆ ಮದುವೆ ಹೇಗೆ?” ಮದುವೆಮನೆಯಲ್ಲಿ, ನಾಮಕರಣದಲ್ಲಿ, ಮಗುವಿನ ಗಲ್ಲ ಹಿಡಿದೇ ಈ ಮಾತು ಬರುತ್ತದೆ. ನನ್ನ ಪ್ರಕಾರ ಬಿದ್ದ ಪೆಟ್ಟಿಗಿಂತ ಈ ಮಾತಿನ ಪೆಟ್ಟು ಹೆಚ್ಚು ದಿನ ಉಳಿಯುತ್ತದೆ. ಮರ್ಯಾದೆ ಬಿಡದೆ, ಆದರೆ ಅಲ್ಲೇ, ಆಗಲೇ ತಡೆಯಿರಿ: “ಅತ್ತೆ, ಮಗು ಎದುರು ಆ ಮಾತು ಬೇಡ. ಅವಳು ಆರಾಮಾಗಿದ್ದಾಳೆ.” ಮಗು ಕೇಳುವಂತೆಯೇ ಹೇಳಿ, ಅಮ್ಮ ತನ್ನ ಪರ ನಿಂತಳು ಎಂಬುದು ಅದಕ್ಕೆ ತಿಳಿಯಬೇಕು. “ಗಂಡುಮಗು ತಾನೇ, ಏನಾಗಲ್ಲ ಬಿಡಿ” ಎನ್ನುವುದೂ ಸಮಾಧಾನವಲ್ಲ. ಹುಡುಗರಿಗೂ ನೋವಾಗುತ್ತದೆ. ಅವರಿಗೆ ಅತ್ತು ಹೇಳಿಕೊಳ್ಳಲು ಜಾಗ ಮಾತ್ರ ಕಡಿಮೆ.

8. ಶಾಲೆಗೆ ನೀವು ಮೊದಲು ಹೋಗಿ.
ಮಗು ಮತ್ತೆ ತರಗತಿಗೆ ಹೋಗುವ ಮುನ್ನ ಮಿಸ್ ಜೊತೆ ಮಾತಾಡಿ. ಏನಾಯಿತು, ಮಗು ಅದನ್ನು ಹೇಗೆ ಹೇಳುತ್ತದೆ, ಬಿಸಿಲಲ್ಲಿ ಟೋಪಿ ಏಕೆ ಬೇಕು ಎಂದು ತಿಳಿಸಿ. ಅಡ್ಡಹೆಸರು ಇಟ್ಟರೆ ಮೊದಲ ದಿನವೇ ನಿಲ್ಲಿಸಲು ಹೇಳಿ. ವಾರ್ಷಿಕೋತ್ಸವದ ಕುಣಿತದಲ್ಲಿ ಹಿಂದಿನ ಸಾಲಿಗೆ ಸರಿಸುವುದು, ಗುಂಪಿನ ಫೋಟೊದಲ್ಲಿ ಮುಖ ಓರೆ ಮಾಡಿ ನಿಲ್ಲಿಸುವುದು ನಡೆಯಕೂಡದು. ಮನೆಯ ಫೋಟೊಗಳಿಗೂ ಇದೇ ನಿಯಮ: ಫಿಲ್ಟರ್ ಹಾಕಿ ಕಲೆ ಅಳಿಸಬೇಡಿ.

9. ಒಬ್ಬರನ್ನೊಬ್ಬರು ದೂರಬೇಡಿ.
“ನೀನು ನೋಡ್ಕೋಬೇಕಿತ್ತು” ಎಂಬ ಜಗಳ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ನಡೆಯುತ್ತದೆ, ಗೋಡೆಯಾಚೆ ಮಗು ಕೇಳಿಸಿಕೊಳ್ಳುತ್ತಿರುತ್ತದೆ. ಅಳುವುದಿದ್ದರೆ ಅಳಿ, ನಂಬಿಕೆಯವರ ಬಳಿ ಹೇಳಿಕೊಳ್ಳಿ. ತಿಂಗಳು ಕಳೆದರೂ ಮಗು ರಾತ್ರಿ ಬೆಚ್ಚಿ ಏಳುತ್ತಿದ್ದರೆ, ಹಾಸಿಗೆ ಒದ್ದೆ ಮಾಡುವುದು ನಿಂತಿದ್ದು ಮತ್ತೆ ಶುರುವಾದರೆ, ಆಟಕ್ಕೇ ಹೋಗದಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಆ ಕರೆ ಅಪ್ಪ-ಅಮ್ಮನಿಗಾಗಿಯೂ ಇದೆ.

ಕೊನೆಗೆ, ಉಳಿದ ಓದುಗರಲ್ಲಿ ಒಂದು ವಿನಂತಿ. ಬಸ್ಸಿನಲ್ಲೋ ಲಿಫ್ಟಿನಲ್ಲೋ ಇಂಥ ಮಗು ಎದುರಾದರೆ ಹೆಸರು ಕೇಳಿ, ಯಾವ ಕ್ಲಾಸು ಎಂದು ಕೇಳಿ. “ಮುಖಕ್ಕೆ ಏನಾಯ್ತು?” ಎಂದು ಮಾತ್ರ ಕೇಳಬೇಡಿ.