ನಾರ್ವೆಯ ಬೆಟ್ಟಗಳಲ್ಲಿ ಒಂದು ದಿನ: ಯಾರ ಜಮೀನು, ಎಷ್ಟು ಎತ್ತರ, ಯಾವ ದಾರಿ?

ಪ್ರಶ್ನೆ: ನನ್ನ ಮಗಳು ನಾರ್ವೆಯ ಬರ್ಗನ್ ಊರಿನಲ್ಲಿದ್ದಾಳೆ. ಬೇಸಿಗೆಯಲ್ಲಿ ಬೆಳಿಗ್ಗೆ ಹೊರಟು ಬೆಟ್ಟದಲ್ಲಿ ಸೈಕಲ್ ಹೊಡೆದು, ಇಲ್ಲವೇ ನಡೆದು, ರಾತ್ರಿಯೊಳಗೆ ಮನೆಗೆ ಬರುತ್ತಾಳೆ. ಬೇರೆಯವರ ಜಮೀನಿನಲ್ಲಿ ನಡೆಯಲು ಅಲ್ಲಿ ಯಾರನ್ನೂ ಕೇಳಬೇಕಿಲ್ಲ ಎನ್ನುತ್ತಾಳೆ. ಅದು ನಿಜವೇ? ಅವಳು ಹೋದ ಬೆಟ್ಟದ ಎತ್ತರ 1,300 ಮೀಟರ್ ಅಂತೆ. ನಮ್ಮ ಮುಳ್ಳಯ್ಯನಗಿರಿಯೇ ಅದಕ್ಕಿಂತ ಎತ್ತರ. ಹಾಗಿದ್ದೂ ಫೋಟೊದಲ್ಲಿ ಜುಲೈ ತಿಂಗಳಲ್ಲಿ ಹಿಮ ಏಕಿದೆ? ಅರವತ್ತರ ಹತ್ತಿರ ಬಂದ ನಮ್ಮಂಥವರಿಗೆ ಇಂಥ ಪ್ರವಾಸ ಸಾಧ್ಯವೇ?
— ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮದು ಒಂದೇ ಪತ್ರವಾದರೂ ಅದರಲ್ಲಿ ಮೂರು ಪ್ರಶ್ನೆಗಳಿವೆ. ಅನುಮತಿಯಿಲ್ಲದೆ ನಡೆಯಬಹುದೇ ಎಂಬುದು ಒಂದು, ಅಷ್ಟು ಕಡಿಮೆ ಎತ್ತರದಲ್ಲಿ ಹಿಮ ಹೇಗೆ ಎಂಬುದು ಇನ್ನೊಂದು, ನಿಮ್ಮಿಂದ ಆಗುತ್ತದೆಯೇ ಎಂಬುದು ಮೂರನೆಯದು. ಮೂರೂ ಕೇಳತಕ್ಕ ಪ್ರಶ್ನೆಗಳೇ. ಒಂದೊಂದಾಗಿ ನೋಡೋಣ.

ಮೊದಲು ಜಮೀನಿನ ವಿಷಯ. ನಿಮ್ಮ ಮಗಳು ಹೇಳಿದ್ದು ನಿಜ, ಆದರೆ ಅದಕ್ಕೊಂದು ಮಿತಿಯಿದೆ. ಪ್ರಕೃತಿಯ ನಡುವೆ ಓಡಾಡುವುದು ಎಲ್ಲರ ಹಕ್ಕು ಎಂಬ ಹಳೆಯ ರೂಢಿ ನಾರ್ವೆಯಲ್ಲಿತ್ತು. 1957ರಲ್ಲಿ ಅದನ್ನು ಕಾನೂನಾಗಿ ಬರೆದರು. ಈ ಕಾನೂನು ನೆಲವನ್ನು ಎರಡು ಬಗೆಯಾಗಿ ನೋಡುತ್ತದೆ. ಮನೆಯಂಗಳ, ಉತ್ತ ಹೊಲ, ಬೆಳೆಸಿದ ಹುಲ್ಲಿನ ಗದ್ದೆ ಒಂದು ಬಗೆ. ಸಾಗುವಳಿಯಾಗದ ಕಾಡು, ಗುಡ್ಡ, ಬೇಣದಂಥ ಜಾಗ ಇನ್ನೊಂದು. ಎರಡನೆಯದರಲ್ಲಿ, ಅದು ಖಾಸಗಿಯವರದ್ದಾದರೂ, ಯಾರು ಬೇಕಾದರೂ ನಡೆಯಬಹುದು. ಅಲ್ಲಿನ ದಾರಿಗಳಲ್ಲಿ ಸೈಕಲ್ ಓಡಿಸಬಹುದು. ಬೆಳೆಯಿರುವ ನೆಲಕ್ಕೆ ಕಾಲಿಡುವಂತಿಲ್ಲ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿದಾಗ ಅಥವಾ ಹಿಮ ಮುಚ್ಚಿದಾಗ ಮಾತ್ರ ಅದಕ್ಕೆ ವಿನಾಯಿತಿ ಇದೆ. ಮನೆಯಂಗಳಕ್ಕೆ ಆಗಲೂ ಇಲ್ಲ. ಗುಡಾರ ಹಾಕುವವರು ಜನವಸತಿಯ ಮನೆಯಿಂದ 150 ಮೀಟರ್ ದೂರವಿರಬೇಕು.

ಹಕ್ಕಿನ ಜೊತೆ ಒಂದು ಕರ್ತವ್ಯವೂ ಇದೆ. ಬೇಸಿಗೆಯಲ್ಲಿ ಕುರಿ, ಆಡು, ಹಸುಗಳು ಗುಡ್ಡದಲ್ಲಿ ಮೇಯುತ್ತಿರುತ್ತವೆ. ದಾರಿಗೆ ಅಡ್ಡಲಾಗಿ ಬೇಲಿಯ ಬಾಗಿಲು ಸಿಗುತ್ತದೆ. ನಿಮ್ಮ ಕಡೆ ದಣಪೆ ದಾಟಿದವರು ಗಳುಗಳನ್ನು ಮತ್ತೆ ಸರಿಸಿಯೇ ಮುಂದೆ ಹೋಗುವ ಹಾಗೆ, ಅಲ್ಲಿಯೂ ತೆರೆದ ಬಾಗಿಲನ್ನು ಮುಚ್ಚಿಯೇ ಹೋಗಬೇಕು.

ಎರಡನೆಯದು ಹಿಮದ ಪ್ರಶ್ನೆ. ಇಲ್ಲಿ ಗೊಂದಲವಾಗುವುದು ಸಹಜ. ಎತ್ತರ ಹೆಚ್ಚಾದಷ್ಟೂ ಚಳಿ ಹೆಚ್ಚು ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಅದು ಸರಿಯೇ. ಆದರೆ ಆ ಲೆಕ್ಕ ಶುರುವಾಗುವುದು ಬೆಟ್ಟದ ಬುಡದ ತಾಪಮಾನದಿಂದ ಎಂಬುದನ್ನು ಮರೆಯುತ್ತೇವೆ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರ, ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಸಮೀಪ. ಅಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ನಿಮ್ಮ ಮಗಳು ಹೋದ ಬೆಟ್ಟಸೀಮೆ 60 ಡಿಗ್ರಿಯನ್ನೂ ದಾಟಿದ ಜಾಗ. ಅಲ್ಲಿ ಜೂನ್ ತಿಂಗಳ ನಡುಹಗಲಿನಲ್ಲೂ ಬಿಸಿಲು ಓರೆಯಾಗಿಯೇ ಬೀಳುತ್ತದೆ. ಜೊತೆಗೆ ಅಟ್ಲಾಂಟಿಕ್ ಸಾಗರದಿಂದ ಬರುವ ತೇವದ ಗಾಳಿ ಈ ಬೆಟ್ಟಗಳಿಗೆ ಬಡಿದು ಚಳಿಗಾಲವಿಡೀ ಹಿಮ ಸುರಿಸುತ್ತದೆ. ಅಷ್ಟೊಂದು ಹಿಮ ಜುಲೈ ಹೊತ್ತಿಗೂ ಪೂರ್ತಿ ಕರಗಿರುವುದಿಲ್ಲ.

ಫಿನ್ಸೆ ಎಂಬ ರೈಲು ನಿಲ್ದಾಣವನ್ನೇ ನೋಡಿ. ನಾರ್ವೆಯ ರೈಲು ಜಾಲದಲ್ಲಿ ಅತಿ ಎತ್ತರದ ನಿಲ್ದಾಣ ಅದು. ಎತ್ತರ 1,222 ಮೀಟರ್ ಅಷ್ಟೇ. ಸುತ್ತ ಕಾಡಿಲ್ಲ, ಬರೀ ಬಂಡೆ, ಪಾಚಿ, ಕುರುಚಲು ಗಿಡ. ಜುಲೈ ತಿಂಗಳ ಸರಾಸರಿ ತಾಪಮಾನವೇ 10 ಡಿಗ್ರಿ ಸೆಲ್ಸಿಯಸ್ ಮುಟ್ಟುವುದಿಲ್ಲ. ಧ್ರುವ ಅನ್ವೇಷಕ ಅರ್ನೆಸ್ಟ್ ಶಾಕಲ್ಟನ್ 1914ರಲ್ಲಿ ಅಂಟಾರ್ಕ್ಟಿಕಾಕ್ಕೆ ಹೊರಡುವ ಮುನ್ನ ತನ್ನ ಸಲಕರಣೆಗಳನ್ನು ಪರೀಕ್ಷಿಸಲು ಬಂದದ್ದು ಇಲ್ಲಿಗೇ. ಆದ್ದರಿಂದ ನಾರ್ವೆಯ ಬೆಟ್ಟದ ಬಗ್ಗೆ ಓದುವಾಗ ಎತ್ತರದ ಅಂಕಿಯನ್ನು ನಮ್ಮ ಬೆಟ್ಟಗಳ ಜೊತೆ ಹೋಲಿಸಬೇಡಿ. 1,300 ಮೀಟರ್ ಎಂದರೆ ಅಲ್ಲಿ ಮರಗಳ ಗಡಿಯನ್ನು ದಾಟಿದ, ಗಾಳಿಗೆ ಮರೆಯಿಲ್ಲದ ಜಾಗ ಎಂದೇ ಅರ್ಥ.

ಮೂರನೆಯ ಪ್ರಶ್ನೆ, ನಿಮ್ಮಿಂದ ಆಗುತ್ತದೆಯೇ? ದಾರಿಯನ್ನು ಸರಿಯಾಗಿ ಆರಿಸಿಕೊಂಡರೆ ಆಗುತ್ತದೆ. ಅಲ್ಲಿನ ಅನೇಕ ದಾರಿಗಳು ವಿಹಾರಕ್ಕೆಂದು ಮಾಡಿದವಲ್ಲ, ದುಡಿಮೆಗೆಂದು ಆದವು. ಸಾಮಾನು ಹೊತ್ತ ಗಾಡಿಯನ್ನು ಕುದುರೆ ಎಳೆಯಬೇಕಿದ್ದ ದಾರಿಯಲ್ಲಿ ಏರು ಮಿತವಾಗಿರಲೇಬೇಕು. ಸಾಮಾನ್ಯರೂ ಅಂಥ ದಾರಿಯಲ್ಲಿ ಸೈಕಲ್ ಹೊಡೆಯಲು ಆಗುವುದು ಇದರಿಂದಲೇ.

ಇದಕ್ಕೆ ಪ್ರಸಿದ್ಧ ಉದಾಹರಣೆ ರಾಲ್ಲರ್‌ವೇಗನ್ ಎಂಬ ಜಲ್ಲಿ ರಸ್ತೆ. ಓಸ್ಲೊ ಮತ್ತು ಬರ್ಗನ್ ನಡುವೆ ರೈಲು ಹಳಿ ಹಾಕುವಾಗ ಬೆಟ್ಟದ ಮೇಲಿನ ಭಾಗಕ್ಕೆ ಸಾಮಾನು ಸಾಗಿಸಲು ಬೇರೆ ರಸ್ತೆಯೇ ಇರಲಿಲ್ಲ. ಊರಿಂದೂರಿಗೆ ಹೋಗಿ ದುಡಿಯುತ್ತಿದ್ದ ಕೂಲಿಗಳು ಇದನ್ನು ಕಟ್ಟಿದರು. ರೈಲು ಮಾರ್ಗ 1909ರಲ್ಲಿ ಉದ್ಘಾಟನೆಯಾಯಿತು. ರಸ್ತೆ 1974ರಲ್ಲಿ ಸೈಕಲ್ ಸವಾರರಿಗೆ ತೆರೆಯಿತು. ಫಿನ್ಸೆಗೆ ಇಂದಿಗೂ ಕಾರಿನ ರಸ್ತೆಯಿಲ್ಲ. ರೈಲಿನಲ್ಲಿ, ಸೈಕಲ್ ಮೇಲೆ ಅಥವಾ ನಡೆದೇ ಹೋಗಬೇಕು.

ಹೌಗಸ್ಟೋಲ್ ಎಂಬ ರೈಲು ನಿಲ್ದಾಣದಿಂದ ಸಮುದ್ರಮಟ್ಟದಲ್ಲಿರುವ ಫ್ಲೋಮ್ ಹಳ್ಳಿಯವರೆಗೆ ಈ ದಾರಿಯ ಉದ್ದ ಸುಮಾರು 82 ಕಿಲೋಮೀಟರ್. ಗಟ್ಟಿ ಸವಾರರು ಅದನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ. ನೀವು ಹಾಗೆ ಮಾಡಬೇಕಿಲ್ಲ. ಎರಡು ಸುಲಭ ಕ್ರಮಗಳಿವೆ.

ಒಂದು, ಹೌಗಸ್ಟೋಲ್‌ನಿಂದ ಫಿನ್ಸೆಗೆ ಹೋಗುವುದು. ದೂರ 27 ಕಿಲೋಮೀಟರ್. ಹೌಗಸ್ಟೋಲ್ 988 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಇಷ್ಟು ದೂರಕ್ಕೆ ಒಟ್ಟಾರೆ ಏರಬೇಕಾದದ್ದು ಸುಮಾರು 230 ಮೀಟರ್. ಫಿನ್ಸೆಯಿಂದ ರೈಲು ಹಿಡಿದು ಹಿಂದಿರುಗಬಹುದು.

ಎರಡು, ರೈಲಿನಲ್ಲೇ ಫಿನ್ಸೆಗೆ ಹೋಗಿ ಅಲ್ಲಿಂದ ಫ್ಲೋಮ್‌ಗೆ ಇಳಿಯುವುದು. ದೂರ ಸುಮಾರು 55 ಕಿಲೋಮೀಟರ್. ಬರ್ಗನ್‌ನಿಂದ ಫಿನ್ಸೆಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಬಾಡಿಗೆ ಸೈಕಲ್ ಅಲ್ಲಿಯೇ ಸಿಗುತ್ತದೆ, ಮೊದಲೇ ಕಾದಿರಿಸುವುದು ಒಳ್ಳೆಯದು. ಆರಂಭದಲ್ಲಿ ಫಾಗರ್‌ವಾಟ್ನ್ ಸರೋವರದ ಬಳಿಗೆ ಸ್ವಲ್ಪ ಏರಬೇಕು. 1,343 ಮೀಟರ್ ಎತ್ತರದ ಆ ಜಾಗವೇ ಇಡೀ ದಾರಿಯ ನೆತ್ತಿ; ಹಿಮ ಎಲ್ಲಕ್ಕಿಂತ ತಡವಾಗಿ ಕರಗುವುದೂ ಅದರ ಆಸುಪಾಸಿನಲ್ಲೇ. ಆಮೇಲೆ ಹೆಚ್ಚಾಗಿ ಇಳಿಜಾರು. ಆದರೆ ಮಿರ್ದಾಲ್ ರೈಲು ನಿಲ್ದಾಣದ ಬಳಿ ಕಣಿವೆಗಿಳಿಯುವಾಗ 21 ಕಡಿದಾದ ತಿರುವುಗಳಿವೆ. ಅಲ್ಲಿನ ಸಡಿಲ ಜಲ್ಲಿಯ ಮೇಲೆ ಬ್ರೇಕ್ ಹಾಕಿದರೂ ಚಕ್ರ ಜಾರುತ್ತದೆ. ಅಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಿ. ಅನುಭವಿಗಳಲ್ಲೂ ಅನೇಕರು ಹಾಗೆಯೇ ಮಾಡುತ್ತಾರೆ.

ಮತ್ತೆ ಮೇಲಕ್ಕೆ ಹತ್ತುವ ಚಿಂತೆ ಬೇಡ. ಫ್ಲೋಮ್‌ನಿಂದ ಮಿರ್ದಾಲ್‌ಗೆ ಬೇರೊಂದು ರೈಲಿದೆ. ಅದರ ಹಳಿಯ ಉದ್ದ 20 ಕಿಲೋಮೀಟರ್, ಏರು 860 ಮೀಟರಿಗೂ ಹೆಚ್ಚು, ನಡುವೆ 20 ಸುರಂಗ. ಸುಮಾರು ಒಂದು ಗಂಟೆಯಲ್ಲಿ ಮಿರ್ದಾಲ್ ತಲುಪಿಸುತ್ತದೆ. ಅಲ್ಲಿಂದ ಬರ್ಗನ್ ಕಡೆಯ ರೈಲು. ಬೆಳಿಗ್ಗೆ ಹೊರಟವರು ರಾತ್ರಿಯೊಳಗೆ ಮನೆ ಸೇರುವ ಗುಟ್ಟು ಇದೇ. ಹತ್ತುವ ಕಷ್ಟದಲ್ಲಿ ಬಹುಪಾಲು ರೈಲಿನದು.

ದುಡಿಮೆಯ ಇನ್ನೊಂದು ದಾರಿ ಮ್ಯೋಲ್ಕೆವೇಗನ್, ಅಂದರೆ ಹಾಲಿನ ದಾರಿ. ವಿನ್‌ಸ್ಟ್ರಾದಿಂದ ವಾಲ್ದ್ರೆಸ್ ಸೀಮೆಯ ಮೂಲಕ ಗೂಲ್‌ವರೆಗೆ ಸುಮಾರು 250 ಕಿಲೋಮೀಟರ್ ಸಾಗುವ ಇದರಲ್ಲಿ ಒಂದು ದಿನಕ್ಕೆ ಬೇಕಾದಷ್ಟು ತುಂಡನ್ನು ಮಾತ್ರ ಆರಿಸಿಕೊಳ್ಳಬಹುದು. ಬೇಸಿಗೆಯಲ್ಲಿ ಅಲ್ಲಿನ ರೈತರು ದನಗಳನ್ನು ಬೆಟ್ಟದ ಮೇಲಿನ ಕೊಟ್ಟಿಗೆಗಳಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಹಾಲನ್ನು ಅಲ್ಲಿಯೇ ಬೆಣ್ಣೆ, ಚೀಸ್ ಮಾಡುತ್ತಿದ್ದರು. ಕೆಳಗಿನ ಹೊಲದ ಹುಲ್ಲು ಚಳಿಗಾಲದ ಮೇವಿಗೆ ಉಳಿಯುತ್ತಿತ್ತು. ವಾಲ್ದ್ರೆಸ್‌ನಲ್ಲಿ ಈ ಪದ್ಧತಿ ಇಂದಿಗೂ ಜೀವಂತವಾಗಿದೆ. ನಾರ್ವೆ ಮತ್ತು ಸ್ವೀಡನ್‌ಗಳ ಈ ಬೇಸಿಗೆ ಹೈನುಗಾರಿಕೆಯನ್ನು ಯುನೆಸ್ಕೊ 2024ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ದಾರಿಯಲ್ಲಿ ಕಂದು ಬಣ್ಣದ, ಸ್ವಲ್ಪ ಸಿಹಿಯಾದ ಚೀಸ್ ಸಿಕ್ಕರೆ ರುಚಿ ನೋಡಿ. ಹಾಲು ಒಡೆದು ಗಟ್ಟಿ ತೆಗೆದ ಮೇಲೆ ಉಳಿಯುವ ನೀರನ್ನು ಬತ್ತಿಸಿ ಮಾಡುವಂಥದ್ದು ಅದು. 1863ರಲ್ಲಿ ಗುಡ್‌ಬ್ರಾಂಡ್ಸ್‌ದಾಲ್ ಕಣಿವೆಯ ಆನ್ನೆ ಹೋವ್ ಎಂಬ ಮಹಿಳೆ ಅದಕ್ಕೆ ಕೆನೆ ಸೇರಿಸಿ ಕಾಯಿಸಿದರು. ಇಂದು ಮನೆಮನೆಗೂ ಪರಿಚಿತವಾದ ರುಚಿ ಹಾಗೆ ಬಂದದ್ದು.

ಇನ್ನು ನಡಿಗೆ. ನಾರ್ವೆಯ ಪ್ರವಾಸಿ ಸಂಘ 1868ರಲ್ಲಿ ಸ್ಥಾಪನೆಯಾಯಿತು. ಬೆಟ್ಟದ ಕಾಲುದಾರಿಗಳುದ್ದಕ್ಕೂ ಕಲ್ಲುಗುಪ್ಪೆ ಪೇರಿಸಿ, ಅವುಗಳ ಮೇಲೆ ಕೆಂಪು ಬಣ್ಣದಲ್ಲಿ ರೋಮನ್ ಅಕ್ಷರದ ‘ಟಿ’ ಬರೆದಿರುತ್ತಾರೆ. ಒಂದು ಗುಪ್ಪೆಯ ಬಳಿ ನಿಂತು ಮುಂದಿನದನ್ನು ಹುಡುಕುತ್ತ ಸಾಗಬೇಕು. ದಾರಿಯ ಕಷ್ಟವನ್ನು ನಾಲ್ಕು ಬಣ್ಣಗಳಲ್ಲಿ ಸೂಚಿಸುತ್ತಾರೆ. ಹಸಿರು ಸುಲಭ, ನೀಲಿ ಮಧ್ಯಮ, ಕೆಂಪು ಕಠಿಣ, ಕಪ್ಪು ಅತಿ ಕಠಿಣ.

ನಿಮಗೆ ಹೊಂದುವ ನಡಿಗೆ ಫಿನ್ಸೆಯಲ್ಲೇ ಇದೆ. ಹರ್ದಾಂಗರ್‌ಯೋಕುಲೆನ್ ಹಿಮರಾಶಿಯಿಂದ ಚಾಚಿಕೊಂಡ ಬ್ಲೋಇಸೆನ್ ಎಂಬ ಹಿಮನದಿಯ ಅಂಚಿನತ್ತ ಗುರುತು ಹಾಕಿದ ದಾರಿ ಹೋಗುತ್ತದೆ. ಅರ್ಧ ದಿನ ಸಾಕು. ಅಂಚನ್ನು ದೂರದಿಂದ ನೋಡಿ ಮರಳಿ. ಮಾರ್ಗದರ್ಶಕರಿಲ್ಲದೆ ಹಿಮನದಿಯ ಮೇಲೆ ಕಾಲಿಡಬಾರದು. ಮೇಲೆ ಗಟ್ಟಿ ಕಂಡರೂ ಒಳಗೆ ಬಿರುಕುಗಳಿರುತ್ತವೆ.

ಮಗಳು ಬೆಸ್ಸೆಗ್ಗೆನ್ ಎಂಬ ಹೆಸರು ಹೇಳಿದರೆ ಸ್ವಲ್ಪ ಯೋಚಿಸಿ. ಯೋಟುನ್‌ಹೈಮೆನ್ ಪರ್ವತಸೀಮೆಯ ಈ ಕಡಿದಾದ ಏಣು ಎರಡು ಸರೋವರಗಳ ನಡುವೆ ಸಾಗುತ್ತದೆ. ಒಂದು ಕಡೆ 984 ಮೀಟರ್ ಎತ್ತರದಲ್ಲಿ ಯೆಂಡೆ ಸರೋವರ. ಹಿಮನದಿಗಳು ಅರೆದ ಬಂಡೆಯ ನುಣುಪು ಪುಡಿ ಬೆರೆತು ಅದರ ನೀರು ಹಸಿರಾಗಿದೆ. ಇನ್ನೊಂದು ಕಡೆ ಸುಮಾರು 400 ಮೀಟರ್ ಮೇಲೆ ನೀಲಿ ಬೆಸ್‌ವಾಟ್ನೆ. ಸುಮಾರು 14 ಕಿಲೋಮೀಟರ್ ದಾರಿಯಾದರೂ ಆರರಿಂದ ಎಂಟು ಗಂಟೆ ಹಿಡಿಯುತ್ತದೆ, ಕೆಲವೆಡೆ ಕೈಯೂರಿ ಹತ್ತಬೇಕು. ಮಂಡಿನೋವು ಅಥವಾ ಎತ್ತರದ ಭಯವಿದ್ದರೆ ಬೇಡ. ಹೋಗುವವರು ಬೆಳಿಗ್ಗೆಯೇ ದೋಣಿಯಲ್ಲಿ ಯೆಂಡೆ ಸರೋವರದ ದಡದ ಮೆಮುರುಬುವಿಗೆ ಹೋಗಿ ಅಲ್ಲಿಂದ ನಡೆದು ಬರುವುದು ಜಾಣತನ. ಹಾಗೆ ಮಾಡಿದರೆ ಸಂಜೆಯ ಕೊನೆಯ ದೋಣಿ ತಪ್ಪೀತೆಂದು ಓಡಬೇಕಾಗುವುದಿಲ್ಲ.

ಕೊನೆಯದಾಗಿ ಸಮಯ ಮತ್ತು ಎಚ್ಚರ. ನಮ್ಮಲ್ಲಿ ರಜೆ ಎಂದರೆ ಏಪ್ರಿಲ್, ಮೇ. ಆ ತಿಂಗಳುಗಳಲ್ಲಿ ಫಿನ್ಸೆಯ ದಾರಿ ಹಿಮದಡಿ ಇರುತ್ತದೆ. ಸಾಮಾನ್ಯವಾಗಿ ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಸೈಕಲ್ ಹೋಗುತ್ತದೆ. ಹೊರಡುವ ಮುನ್ನ ದಾರಿ ತೆರೆದಿದೆಯೇ ಎಂದು ಬಾಡಿಗೆ ಸೈಕಲ್ಲಿನವರನ್ನೇ ಕೇಳಿ. ಆಗಸ್ಟ್ ಮಧ್ಯದಲ್ಲೂ ರಾತ್ರಿ ಒಂಬತ್ತರವರೆಗೆ ಬೆಳಕಿರುತ್ತದೆ, ಅವಸರಪಡಬೇಕಿಲ್ಲ. ಉಣ್ಣೆಯ ಒಳಅಂಗಿ, ಗಾಳಿ ಮಳೆ ತಡೆಯುವ ಮೇಲಂಗಿ, ಕೈಗವಸು ಬಿಸಿಲಿದ್ದರೂ ಚೀಲದಲ್ಲಿರಲಿ.

1967ರ ಈಸ್ಟರ್ ರಜೆಯಲ್ಲಿ ನಾರ್ವೆಯ ಬೆಟ್ಟಗಳಲ್ಲಿ 18 ಜನ ಸತ್ತರು. ಅದಾದ ಮೇಲೆ ಬೆಟ್ಟದ ನಡವಳಿಕೆಯ ಒಂಬತ್ತು ನಿಯಮಗಳನ್ನು ಅಲ್ಲಿ ಮನೆಮಾತು ಮಾಡಿದರು. ಹವಾಮಾನ ನೋಡಿ ಹೊರಡಿ, ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಹೇಳಿ ಹೋಗಿ ಎಂಬಂಥ ಸರಳ ಮಾತುಗಳೇ ಅವು. ಅವುಗಳಲ್ಲಿ ಅತಿ ಪ್ರಸಿದ್ಧವಾದದ್ದು, ಸಕಾಲದಲ್ಲಿ ಹಿಂದಿರುಗಿ, ಹಿಂದಿರುಗುವುದರಲ್ಲಿ ನಾಚಿಕೆಯಿಲ್ಲ ಎಂಬುದು.

ಆದ್ದರಿಂದ ನಿಮಗೆ ನನ್ನ ಸಲಹೆ ಇಷ್ಟು. ಆಗಸ್ಟ್ ತಿಂಗಳಿಗೆ ಟಿಕೆಟ್ ಮಾಡಿಸಿ. ಮೊದಲ ದಿನ ಫಿನ್ಸೆಗೆ ಹೋಗಿ ಹಿಮನದಿಯ ಕಡೆಗೆ ಅರ್ಧ ದಿನ ನಡೆದು ಬನ್ನಿ. ಚಳಿ, ಗಾಳಿ, ಕಲ್ಲು ನಿಮಗೆ ಒಗ್ಗುತ್ತವೆಯೇ ಎಂದು ಅಲ್ಲೇ ತಿಳಿಯುತ್ತದೆ. ಒಗ್ಗಿದರೆ ಇನ್ನೊಂದು ದಿನ ಹೌಗಸ್ಟೋಲ್‌ನಿಂದ ಫಿನ್ಸೆಗೆ ಸೈಕಲ್ ಹೊಡೆಯಿರಿ. ಅದೂ ಆರಾಮ ಎನಿಸಿದರೆ ಮಾತ್ರ ಫ್ಲೋಮ್‌ಗೆ ಇಳಿಯುವ ಯೋಚನೆ ಮಾಡಿ.