ಆಕಾಶದಿಂದ ನಮ್ಮ ಹೊಲದ ಚಿತ್ರ



ಬ್ರಹ್ಮಸಮುದ್ರದ ಕಡಲೆಕಾಯಿ ಹೊಲವನ್ನು ಉಪಗ್ರಹ ಹೇಗೆ ನೋಡುತ್ತದೆಂಬುದನ್ನು ಈ ಸಲ ತಿಳಿಯೋಣ.

2016ರಲ್ಲಿ ಹಾರಿಬಿಟ್ಟ ರಿಸೋರ್ಸ್‌ಸ್ಯಾಟ್-2ಎ ಉಪಗ್ರಹದ ಕಕ್ಷೆ ಸುಮಾರು 817 ಕಿ.ಮೀ. ಎತ್ತರದ್ದು. ಇಂಥ ಉಪಗ್ರಹವು ಎಲೆಗೆ ತಾಗಿ ಹಿಂದಿರುಗಿದ ಬಿಸಿಲನ್ನು ಬಣ್ಣವಾರು ಅಳೆಯುತ್ತದೆ. ಸೊಂಪಾದ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹೆಚ್ಚಾಗಿ ಹಿಂದಕ್ಕೆ ಕಳುಹಿಸುತ್ತದೆ. ಬಾಡಿದ ಎಲೆಯಲ್ಲಿ ಈ ವ್ಯತ್ಯಾಸ ಕಡಿಮೆ. ಈ ಅಳತೆಗಳು ಅಂಕಿಗಳಾಗಿ ಹೈದರಾಬಾದಿನ ಬಳಿಯ ಶಾದ್‌ನಗರದ ಕೇಂದ್ರಕ್ಕೆ ಇಳಿದು ಚಿತ್ರವಾಗುತ್ತವೆ. ಅವಕೆಂಪಿಗೆ ಕೆಂಪು ಬಣ್ಣ ಕೊಡುವುದು ರೂಢಿ. ಆದ್ದರಿಂದ ಚಿತ್ರದಲ್ಲಿ ಕೆಂಪಾಗಿ ಕಂಡರೆ ಬೆಳೆ ಸುಟ್ಟಿದೆಯೆಂದಲ್ಲ, ಚೆನ್ನಾಗಿದೆಯೆಂದು ಅರ್ಥ.

ಮುಂಗಾರಿನ ಮೋಡ ಇದಕ್ಕೆ ಅಡ್ಡಿ. ಆಗ 2022ರಲ್ಲಿ ಹಾರಿಬಿಟ್ಟ ಇ.ಒ.ಎಸ್.-04ರಂಥ ರೇಡಾರ್ ಉಪಗ್ರಹ ಬೇಕು. ಅದು ತಾನೇ ತರಂಗ ಕಳುಹಿಸಿ, ಮೋಡದ ಮೂಲಕ ಮರಳಿ ಬಂದದ್ದನ್ನು ಹಿಡಿಯುತ್ತದೆ.

ರಿಸೋರ್ಸ್‌ಸ್ಯಾಟ್‌ನ ಒಂದು ಕ್ಯಾಮೆರಾದಲ್ಲಿ ಚಿತ್ರದ ಒಂದೊಂದು ಚೌಕ 23.5 ಮೀಟರ್ ಅಗಲ; ಎಕರೆಗೆ ಸುಮಾರು ಏಳು ಚೌಕ. ಕಡಲೆಕಾಯಿ, ನಡುವಿನ ತೊಗರಿ ಸಾಲು, ಬದು ಎಲ್ಲವೂ ಸೇರಿ ಒಂದೇ ಅಂಕಿ. ಹಾಗಾಗಿ ಚಿತ್ರವನ್ನು ನೆಲದ ಮೇಲೆ ತಾಳೆ ನೋಡಲೇಬೇಕು. ಸಿಬ್ಬಂದಿ ಹೊಲಕ್ಕೆ ಬಂದಾಗ ಬಿತ್ತಿದ ಬೆಳೆ, ಬಿತ್ತಿದ ದಿನ, ಆದ ನಷ್ಟ ಎಲ್ಲವನ್ನೂ ಇದ್ದದ್ದು ಇದ್ದಂತೆ ಹೇಳೋಣ. ಒಬ್ಬರು ಸುಳ್ಳು ಬರೆಸಿದರೆ ನೆರೆಯವರ ಲೆಕ್ಕವೂ ಕೆಡುತ್ತದೆ.